ಗಾಜಿನ ಮೇಲಣ ತಪಸ್ಸು

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲು ಯಾರಿಗಾಗಿಯೂ ಕಾಯದು; ಆದರೆ ಆ ರೈಲನ್ನೇ ನಂಬಿ ಹೊಟ್ಟೆ ಹೊರೆಯುವ ನಮ್ಮಂಥವರನ್ನು ನಿಶ್ಚಿಂತೆಯಿಂದ ಕಾಯಿಸಬಲ್ಲ ಮಹನೀಯರೊಬ್ಬರು ಈ ಊರಿನಲ್ಲಿದ್ದಾರೆ. ವೃತ್ತಿಯಿಂದ ಲ್ಯಾಬ್ ಟೆಕ್ನೀಷಿಯನ್, ಪ್ರವೃತ್ತಿಯಿಂದ ಋಷಿ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗೆ ಬೀಗ ಬಿದ್ದಿತಾದರೂ, ಗಣಿಯ ಕಾಲದಲ್ಲಿ ಕಲಿತ ಶಿಸ್ತಿಗೆ ತಾವು ಬೀಗ ಹಾಕಲೊಲ್ಲೆವೆಂಬುದು ಅವರ ನಿತ್ಯಘೋಷ. ಆಂಡರ್ಸನ್‌ಪೇಟೆಯ ತರಕಾರಿ ಅಂಗಡಿಯಲ್ಲಿ ಎದುರಾದರೆ ಹೆಂಡತಿಮಕ್ಕಳ ಕ್ಷೇಮ ವಿಚಾರಿಸುವ ಬದಲು, "ಇಯೋಸಿನೊಫಿಲ್ ಇಳೀತಾ ಸಾರ್?" ಎಂದು ನಾಲ್ಕು ಜನರ ಮುಂದೆ ಕೇಳುವರು.

ಕಚೇರಿಗೆ ಅಂದೇ ಒಪ್ಪಿಸಬೇಕಾಗಿದ್ದ ವರದಿಗಾಗಿ ನಾನೊಮ್ಮೆ ಬೆಳಗ್ಗೆಯೇ ಅವರ ಕೈಗೆ ಸಿಕ್ಕೆನು. ಉಂಗುರದ ಬೆರಳನ್ನು ಚುಚ್ಚಿ, ಸ್ಲೈಡಿನ ತುದಿಯಲ್ಲಿ ಹನಿಯೊಂದನ್ನಿಟ್ಟು, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು, ರಕ್ತವು ಅದರ ಅಂಚಿನುದ್ದಕ್ಕೂ ಹರಡುವ ತನಕ ಉಸಿರು ಬಿಗಿಹಿಡಿದಿದ್ದು, ಒಂದೇ ನೂಕಿಗೆ ಮುಂದಕ್ಕೆ ಸರಿಸಿದರು. ನಾಲಗೆಯಾಕಾರದ ಲೇಪ ನನ್ನ ಕಣ್ಣಿಗೆ ನಿರ್ದುಷ್ಟವಾಗಿಯೇ ತೋರಿತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬಾಲ ಸರಿ ಬಂದಿಲ್ಲ ಸಾರ್, ಇನ್ನೊಂದು ಬೆರಳು ಕೊಡಿ" ಎಂದರು. ಕೊಟ್ಟೆನು. ಮತ್ತೊಂದನ್ನೂ ಕೊಟ್ಟೆನು.

ಅನಂತರ ಲೀಶ್‌ಮನ್ ಬಣ್ಣ ಸುರಿದು ಎರಡು ನಿಮಿಷ. ಅದರ ಇಮ್ಮಡಿ ಬಫರ್ ನೀರು ಬೆರೆಸಿ ಮತ್ತೆ ಏಳೆಂಟು ನಿಮಿಷ. "ನಲ್ಲಿ ನೀರು ಸಾಲದೇ?" ಎಂದುದೇ ತಡ, ಪಿಎಚ್ 6.8 ಇರಬೇಕೆಂದೂ, ಕ್ಷಾರ ಹೆಚ್ಚಿದರೆ ಎಲ್ಲವೂ ನೀಲಿ, ಆಮ್ಲ ಹೆಚ್ಚಿದರೆ ಎಲ್ಲವೂ ಕೆಂಪಾಗುವುದೆಂದೂ, 1901ರಲ್ಲಿ ಈ ಬಣ್ಣವನ್ನು ಪ್ರಕಟಿಸಿದ ಲೀಶ್‌ಮನ್ನನೇ ಡಂಡಂನಿಂದ ಮರಳಿದ ಸೈನಿಕನೊಬ್ಬನ ಗುಲ್ಮದಲ್ಲಿ ಕಾಲಾ ಅಜಾರಿನ ಜೀವಿಯನ್ನು ಕಂಡನೆಂದೂ ಉಪನ್ಯಾಸ ಹರಿಯಿತು. ನಡುವೆ ರೈಲು ಕೂಗಿತು, ಹೊರಟೂ ಹೋಯಿತು. ಕೊನೆಗೆ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಎಷ್ಟು ಒಳ್ಳೇ ಸ್ಲೈಡು! ಏನೂ ಇಲ್ಲವಲ್ಲ ಸಾರ್" ಎಂದು ಮರುಗಿದರು. ನನ್ನ ಆರೋಗ್ಯಕ್ಕಾಗಿ ನಾನೇ ಅವರ ಕ್ಷಮೆ ಕೇಳಬೇಕಾಯಿತು.

ಹೀಗೆ ಬೈದುಕೊಳ್ಳುತ್ತಿದ್ದ ನನ್ನ ಬಾಯಿಗೆ ಅಡ್ಡ ಬಂದುದು ಪಕ್ಕದ ಮನೆಯ ಹುಡುಗನ ಜ್ವರ. ಎಲ್ಲಿಯದೋ ಯಂತ್ರವು ಪ್ಲೇಟ್‌ಲೆಟ್ 40,000 ಎಂದು ಅಚ್ಚುಹಾಕಿ ಕೊಡಲು, ಡೆಂಗಿಯೆಂದು ಕೇರಿಗೆ ಕೇರಿಯೇ ಗೋಳಿಟ್ಟಿತು. ಇವರು ಸಾವಕಾಶವಾಗಿ ಸ್ಮಿಯರ್ ಎಳೆದು ನೋಡಿದರೆ, ಪ್ಲೇಟ್‌ಲೆಟ್‌ಗಳೆಲ್ಲ ಆ ಬಾಲದಲ್ಲಿಯೇ ಗುಂಪುಗೂಡಿ ಕುಳಿತಿದ್ದವು! ರಕ್ತ ಹೆಪ್ಪುಗಟ್ಟದಿರಲೆಂದು ಟ್ಯೂಬಿನಲ್ಲಿಟ್ಟ ಇಡಿಟಿಎಯಿಂದಲೇ ಕೆಲವರಲ್ಲಿ ಅವು ಹೀಗೆ ಅಂಟಿಕೊಳ್ಳುವುದುಂಟು; ಯಂತ್ರಕ್ಕೆ ಗುಂಪನ್ನು ಎಣಿಸಲು ಬಾರದು. ಅವಸರವೇ ಜಾಣತನವೆನಿಸಿರುವ ಕಾಲದಲ್ಲಿ ಎರಡನೆಯ ಬಾರಿ ನೋಡುವವನೊಬ್ಬ ಊರಿಗೆ ಬೇಕು.

ಅಂದಿನಿಂದ ಅವರನ್ನು ಬೈಯುವಾಗ ಧ್ವನಿ ತಗ್ಗಿಸುತ್ತೇನೆ. ರಕ್ತವನ್ನು ಮಾತ್ರ ರಜೆಯ ದಿನವೇ ಕೊಡುತ್ತೇನೆ.