ನುಡಿ, ನಡೆ ಮತ್ತು ಕಂಟ್ರೋಲ್ ಸಿ

ಟಿಪ್ಪಣಿ ಬರೆದಿಟ್ಟುಕೊಳ್ಳುವುದು ವಿದ್ವತ್ತಿನ ಲಕ್ಷಣವೆಂದೂ, ಬರೆದಿಟ್ಟ ಟಿಪ್ಪಣಿ ಬೇಕಾದಾಗ ಸಿಕ್ಕದಿರುವುದು ಮಹಾವಿದ್ವತ್ತಿನ ಲಕ್ಷಣವೆಂದೂ ನಮ್ಮ ಅಧ್ಯಾಪಕವರ್ಗದಲ್ಲಿ ಬಹುಕಾಲದಿಂದ ರೂಢಿಯಾದ ನಂಬಿಕೆಯೊಂದುಂಟು. ಎರಡನೆಯ ಲಕ್ಷಣದಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ಮದುವೆಯ ಕರೆಯೋಲೆಗಳ ಬೆನ್ನ ಮೇಲೂ, ಪಂಚಾಂಗದ ಅಂಚಿನಲ್ಲಿಯೂ, ಔಷಧದಂಗಡಿಯ ರಸೀತಿಗಳಲ್ಲಿಯೂ ಛಂದಸ್ಸನ್ನು ಕುರಿತು ನಾನು ಗೀಚಿಟ್ಟ ವಿಚಾರಗಳೆಲ್ಲ ಒಂದೆಡೆ ಸೇರಿದ್ದರೆ ಒಂದು ಗ್ರಂಥವೇ ಆಗುತ್ತಿತ್ತು. ಸೇರಲಿಲ್ಲವಾದುದರಿಂದ ಕನ್ನಡ ವಾಚಕರು ಒಂದು ವಿಪತ್ತಿನಿಂದ ಪಾರಾದರು. ನಿವೃತ್ತಿಯಾದ ಮೇಲಾದರೂ ಇವನ್ನು ವ್ಯವಸ್ಥೆಗೊಳಿಸಬೇಕೆಂಬ ಸಂಕಲ್ಪವನ್ನು ಸೋದರಳಿಯನ ಮುಂದೆ ಆಡಿದುದೇ ತಡ, ಗಣಕಯಂತ್ರದ ಉದ್ಯೋಗದಲ್ಲಿರುವ ಆ ಹುಡುಗನು ನನ್ನ ಮೇಜಿನ ಮೇಲಿನ ಯಂತ್ರದಲ್ಲಿ ಈಮ್ಯಾಕ್ಸ್ ಎಂಬ ತಂತ್ರಾಂಶವನ್ನು ಪ್ರತಿಷ್ಠಾಪಿಸಿ, "ಇನ್ನು ನಿಮಗೆ ಬೇರೇನೂ ಬೇಡ, ಮಾವ" ಎಂದು ಅಭಯವಿತ್ತು, ಮಾರನೆಯ ಬೆಳಗ್ಗೆ ತನ್ನ ಊರಿಗೆ ಹೊರಟುಹೋದನು.

ಈಮ್ಯಾಕ್ಸ್ ಈ ಕಾಲದ ಶಿಶುವಲ್ಲ. 1976ರಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್, ಗೈ ಸ್ಟೀಲ್ ಮೊದಲಾದವರು ಟೆಕೊ ಎಂಬ ಇನ್ನೂ ಪ್ರಾಚೀನವಾದ ಸಂಪಾದಕದ ಮೇಲೆ ಇದನ್ನು ಕಟ್ಟಿದರು. ಇಂದು ನಾವು ಬಳಸುವ ಗ್ನೂ ಈಮ್ಯಾಕ್ಸ್ 1985ರಲ್ಲಿ ಲೋಕಕ್ಕೆ ಬಂದಿತು. ಅಕ್ಷರಗಳನ್ನು ಬರೆಯುವುದೂ ಅಳಿಸುವುದೂ ಇದರ ಮುಖ್ಯಧರ್ಮವೆಂದು ಭಾವಿಸಿದವನು ಬಲುಬೇಗ ಭ್ರಮನಿರಸನ ಹೊಂದುತ್ತಾನೆ. ಇದರೊಳಗೆ ಆಟಗಳಿವೆ, ಪಂಚಾಂಗವಿದೆ, "ಡಾಕ್ಟರ್" ಎಂದು ಕರೆದರೆ ಓಗೊಟ್ಟು ಬಂದು, ನಾವು ಹೇಳಿದುದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುವ ಮನೋವೈದ್ಯನೊಬ್ಬನೂ ಇದ್ದಾನೆ. ಈ ಸಂಪಾದಕವನ್ನು ಕಲಿಯಹೊರಟವನಿಗೆ ಮುಂದೆ ಒದಗಬಹುದಾದ ಅವಸ್ಥೆಯನ್ನು ಊಹಿಸಿಯೇ ವೈದ್ಯನನ್ನು ಒಳಗಿಟ್ಟಿರುವ ನಿರ್ಮಾತೃಗಳ ದೂರದೃಷ್ಟಿ ಪ್ರಶಂಸಾರ್ಹವಾದುದು. ಇದರ ಕೈಪಿಡಿಯಾದರೋ ಮಾತುಮಾತಿಗೆ "ಮೆಟಾ" ಎಂಬ ಕೀಲಿಯನ್ನು ಒತ್ತೆಂದು ಆದೇಶಿಸುತ್ತದೆ. ಹಿಂದೊಂದು ಕಾಲದಲ್ಲಿ ಎಂಐಟಿಯ ಕೀಲಿಮಣೆಗಳಲ್ಲಿ ಆ ಕೀಲಿ ನಿಜವಾಗಿಯೂ ಇತ್ತು. ಈಗ ಅದು ಅಂತರ್ಧಾನವಾಗಿ, ಅದರ ಪೀಠದಲ್ಲಿ ಆಲ್ಟ್ ಕುಳಿತಿದೆ. ಆದರೂ ಕೈಪಿಡಿ ಮಾತ್ರ ಪೂರ್ವಾಚಾರ್ಯರ ಪರಿಭಾಷೆಯನ್ನು ಬಿಟ್ಟಿಲ್ಲ. ವ್ಯಾಕರಣದ ಮೇಷ್ಟರಾದ ನನಗೆ ಈ ಸಂಪ್ರದಾಯನಿಷ್ಠೆ ಮೊದಲ ನೋಟದಲ್ಲಿಯೇ ಮೆಚ್ಚುಗೆಯಾಯಿತು.

ಟಿಪ್ಪಣಿಗಳಿಗಾಗಿ ಈಮ್ಯಾಕ್ಸಿನೊಳಗೆ ಇರುವ ಅಂಗಕ್ಕೆ ಆರ್ಗ್ ಮೋಡ್ ಎಂದು ಹೆಸರು. ಇದನ್ನು 2003ರಲ್ಲಿ ಆರಂಭಿಸಿದವರು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್. ನಕ್ಷತ್ರಗಳನ್ನು ನೋಡುವುದನ್ನೇ ವೃತ್ತಿಯಾಗಿ ಉಳ್ಳವರು ತಮ್ಮ ಟಿಪ್ಪಣಿಯ ಪ್ರತಿಯೊಂದು ಶೀರ್ಷಿಕೆಯ ಮೊದಲಿಗೂ ಒಂದು ನಕ್ಷತ್ರಚಿಹ್ನೆಯನ್ನು ಇಡಬೇಕೆಂದು ವಿಧಿಸಿದುದು ಕಾಕತಾಳೀಯವೇ ಇರಬಹುದು. ಒಂದು ನಕ್ಷತ್ರವಿದ್ದರೆ ಅಧ್ಯಾಯ, ಎರಡಿದ್ದರೆ ಪ್ರಕರಣ, ಮೂರಿದ್ದರೆ ಉಪಪ್ರಕರಣ. ಟ್ಯಾಬ್ ಕೀಲಿಯನ್ನು ಒತ್ತಿದರೆ ಶೀರ್ಷಿಕೆಯ ಕೆಳಗಿನ ಬರೆಹವೆಲ್ಲ ಒಳಗೆ ಮಡಿಸಿಕೊಂಡು ಹೋಗುತ್ತದೆ; ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಹಿಂದೆ ನಮ್ಮ ಶಾನುಭೋಗರೂ ಸಾಹುಕಾರರೂ ಮಠಗಳ ಪಾರುಪತ್ಯಗಾರರೂ ಬಳಸುತ್ತಿದ್ದ ಕಡತವನ್ನು, ಎಂದರೆ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದು ಬೇಡವಾದಾಗ ಅಳಿಸುತ್ತಿದ್ದ ಆ ಕಪ್ಪು ಪುಸ್ತಕವನ್ನು ಕಂಡವರಿಗೆ ಈ ಏರ್ಪಾಡಿನಲ್ಲಿ ಹೊಸದೇನೂ ತೋರದು: ಮಡಿಸಿದರೆ ಅಂಗೈಯಗಲ, ಬಿಡಿಸಿದರೆ ಮೊಳಗಟ್ಟಲೆ. ಶೀರ್ಷಿಕೆಗಳಿಗೆ, ಮಾಡತಕ್ಕದ್ದು ಮಾಡಿಯಾಯಿತು ಎಂಬ ಮುದ್ರೆಯೊತ್ತುವ ಸೌಕರ್ಯವೂ ಉಂಟು. ಆ ಮುದ್ರೆಗಳು ನಮಗೆ ಬೇಕಾದ ಭಾಷೆಯಲ್ಲಿರಬಹುದಾದುದರಿಂದ ನನ್ನ ಕಡತದಲ್ಲಿ ಅವು "ಬಾಕಿ" ಮತ್ತು "ಸಂದಾಯ" ಎಂದಿವೆ. ಬಾಕಿಯ ಪಟ್ಟಿ ದೀರ್ಘವಾಗಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟರಲ್ಲಿಯೇ ತೃಪ್ತನಾಗಿದ್ದರೆ ಈ ಪ್ರಬಂಧಕ್ಕೆ ವಸ್ತುವಿರುತ್ತಿರಲಿಲ್ಲ. ಆರ್ಗ್ ಮೋಡಿನ ಗರ್ಭದಲ್ಲಿ ಬೇಬಲ್ ಎಂಬುದೊಂದಿದೆ. ಎರಿಕ್ ಶುಲ್ಟ್ ಮತ್ತು ಡ್ಯಾನ್ ಡೇವಿಸನ್ ಎಂಬುವರ ಕೃತಿ. ಟಿಪ್ಪಣಿಯ ನಡುವೆ "ಬಿಗಿನ್ ಸೋರ್ಸ್" ಎಂಬ ಸಾಲಿನಿಂದ "ಎಂಡ್ ಸೋರ್ಸ್" ಎಂಬ ಸಾಲಿನವರೆಗೆ ಒಂದು ಆವರಣವನ್ನು ಕಟ್ಟಿ, ಅದರೊಳಗೆ ಪೈಥಾನಿನಲ್ಲಿಯೋ ಸಿ ಭಾಷೆಯಲ್ಲಿಯೋ ಕ್ರಮವಿಧಿಯೊಂದನ್ನು ಬರೆದು, ಅಲ್ಲಿಯೇ ನಿಂತು ಕಂಟ್ರೋಲ್ ಸಿ ಎಂಬುದನ್ನು ಎರಡಾವೃತ್ತಿ ಒತ್ತಿದರೆ ಕ್ರಮವಿಧಿ ಓಡಿ, ಅದರ ಫಲ ಕೆಳಗಡೆಯೇ ಅಚ್ಚಾಗುತ್ತದೆ. ಕ್ರಮವಿಧಿಯನ್ನು ಯಂತ್ರಕ್ಕಾಗಿ ಅಲ್ಲ, ಮನುಷ್ಯರು ಓದುವುದಕ್ಕಾಗಿ, ಪ್ರಬಂಧದಂತೆ ಬರೆಯಬೇಕೆಂದು ಡೊನಾಲ್ಡ್ ಕ್ನೂತ್ ಎಂಬ ಮಹಾಶಯರು 1984ರಲ್ಲಿಯೇ ಪ್ರತಿಪಾದಿಸಿದ್ದರು. ವಿವರಣೆಯೇ ಪ್ರಧಾನ, ಸೂತ್ರವು ಅದರ ನಡುನಡುವೆ ಬರುವ ಅತಿಥಿ ಎಂಬ ಈ ತತ್ತ್ವವನ್ನು ತಿಳಿದ ಕ್ಷಣವೇ, ಜೀವಮಾನವಿಡೀ ಹರಟೆಗಾರನೆಂದು ಆಕ್ಷೇಪಕ್ಕೆ ಗುರಿಯಾದ ನನಗೆ ಗಣಕಶಾಸ್ತ್ರದಲ್ಲಿ ಮೊದಲ ಬಾರಿಗೆ ಗೌರವ ಹುಟ್ಟಿತು. ಆವರಣದೊಳಗಿನ ಸಾಲುಗಳನ್ನಷ್ಟೇ ಪ್ರತ್ಯೇಕವಾದ ಕಡತಕ್ಕೆ ಹಿಂಡಿ ತೆಗೆಯುವ ವಿಧಾನವೂ ಇದೆ. ನನ್ನ ಟಿಪ್ಪಣಿಯನ್ನು ಹಾಗೆ ಹಿಂಡಿದಾಗ ದೊರೆತ ರಸವು ಬಲು ಸ್ವಲ್ಪವಾಗಿತ್ತೆಂಬುದನ್ನು ಕ್ನೂತರ ಸಿದ್ಧಾಂತಕ್ಕೆ ಸಂದ ವಿಜಯವೆಂದೇ ನಾನು ಪರಿಗಣಿಸಿದ್ದೇನೆ.

ನುಡಿದಂತೆ ನಡೆಯಬೇಕೆಂದು ಶರಣರು ವಿಧಿಸಿದ ಈ ನಾಡಿನಲ್ಲಿ ನುಡಿಯನ್ನೂ ನಡೆಯನ್ನೂ ಒಂದರ ಕೆಳಗೊಂದು ಇರಿಸಿ ತೋರಿಸುವ ಹಾಳೆಯೊಂದು ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇದ್ದಿದ್ದರೆ ಎಷ್ಟು ಅನರ್ಥವಾಗುತ್ತಿತ್ತೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಮೂರು ಮಾತ್ರೆಯ ಗಣಗಳು ಮೂರು, ನಾಲ್ಕು ಮಾತ್ರೆಯವು ಐದು, ಐದು ಮಾತ್ರೆಯವು ಎಂಟು ಎಂದು ನಾನು ಗಂಭೀರಸ್ವರದಲ್ಲಿ ಹೇಳುತ್ತಿದ್ದೆ. ಏಕೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಈಗ ಅದೇ ವಾಕ್ಯವನ್ನು ಟಿಪ್ಪಣಿಯಲ್ಲಿ ಬರೆದು, ಅದರ ಕೆಳಗೆ, ಗಣದ ಆದಿಯಲ್ಲಿ ಲಘುವನ್ನಿಟ್ಟರೆ ಉಳಿಯುವುದು ಒಂದು ಮಾತ್ರೆ ಕಡಿಮೆ, ಗುರುವನ್ನಿಟ್ಟರೆ ಎರಡು ಮಾತ್ರೆ ಕಡಿಮೆ ಎಂಬ ನಿಯಮವನ್ನು ಪೈಥಾನಿನಲ್ಲಿ ನಿರೂಪಿಸಿದೆ. ಆ ಭಾಷೆಯ ಮೂರನೆಯ ಆವೃತ್ತಿಯಲ್ಲಿ ಚಲಪದಗಳಿಗೆ ಕನ್ನಡದ ಹೆಸರನ್ನೇ ಇಡಬಹುದಾದುದರಿಂದ "ಲಘು", "ಗುರು" ಎಂದೇ ಇಟ್ಟೆ. ಕೀಲಿಗಳನ್ನು ಒತ್ತಿದೊಡನೆ ಯಂತ್ರವು, ಈ ಖಂಡವನ್ನು ನಿನ್ನ ಗಣಕದಲ್ಲಿ ಓಡಿಸಬಹುದೇ ಎಂದು ಅಪ್ಪಣೆ ಬೇಡಿತು. ಬರಿಯ ಮೊದಲಕ್ಷರವನ್ನು ಒತ್ತಿದರೆ ಸಾಲದು, "ಯೆಸ್" ಎಂದು ಪೂರ್ತಿಯಾಗಿಯೇ ಬರೆಯಬೇಕು. ಪರರ ಕಡತದಲ್ಲಿ ಅಡಗಿರಬಹುದಾದ ಅಪಾಯಕರವಾದ ಕ್ರಮವಿಧಿಗಳಿಂದ ನಮ್ಮನ್ನು ಕಾಪಾಡಲು ಈ ಪ್ರಶ್ನೆಯಂತೆ. ಇದನ್ನು ನಿಲ್ಲಿಸುವ ಉಪಾಯವಿದ್ದರೂ ನಾನು ನಿಲ್ಲಿಸಿಲ್ಲ; ನನ್ನ ಅಪ್ಪಣೆಗಾಗಿ ಕಾಯುವ ವಸ್ತು ಈ ಮನೆಯಲ್ಲಿ ಇದೊಂದೇ.

ಫಲ ಬಂದಿತು: 1, 2, 3, 5, 8. ವಿರಹಾಂಕ, ಹೇಮಚಂದ್ರ ಮುಂತಾದ ಛಂದೋವಿದರು ಮಾತ್ರೆಗಳನ್ನು ಎಣಿಸುತ್ತ ಕಂಡುಕೊಂಡಿದ್ದ ಈ ಸರಣಿಯನ್ನೇ ಪೀಸಾದ ಲಿಯೊನಾರ್ಡೊ 1202ರಲ್ಲಿ ಮೊಲಗಳ ಸಂತಾನವನ್ನು ಎಣಿಸುತ್ತ ಕಂಡನು. ಲೋಕದಲ್ಲಿ ಖ್ಯಾತಿ ಮೊಲಗಳ ಪಕ್ಷಕ್ಕೇ ಹೋಯಿತು. ಉತ್ಸಾಹ ಹೆಚ್ಚಿ ಭಾಮಿನೀ ಷಟ್ಪದಿಯ ಕಡೆಗೆ ತಿರುಗಿದೆ. ಮೂರು ನಾಲ್ಕರ ಗಣಗಳು ಎರಡಾವೃತ್ತಿ ಬರುವ ಗಿಡ್ಡ ಸಾಲುಗಳು ನಾಲ್ಕು, ಮೂರಾವೃತ್ತಿ ಬಂದು ಕೊನೆಗೊಂದು ಗುರುವುಳ್ಳ ಉದ್ದ ಸಾಲುಗಳು ಎರಡು, ಒಟ್ಟು 102 ಮಾತ್ರೆ. ಲಘುವಿನ ಮುಂದೆ ಗುರು ಬಂದು ಆರಂಭವಾಗುವ ಗಣ ನಿಷಿದ್ಧವಾದುದರಿಂದ ಮೂರರ ಗಣಕ್ಕೆ ಎರಡು ರೂಪ, ನಾಲ್ಕರ ಗಣಕ್ಕೆ ನಾಲ್ಕು ರೂಪ ಉಳಿಯುತ್ತವೆ. ಪ್ರಾಸವನ್ನು ಬದಿಗಿರಿಸಿದರೆ ಒಂದು ಪದ್ಯಕ್ಕೆ ಎಷ್ಟು ವಿನ್ಯಾಸಗಳು ಸಾಧ್ಯವೆಂದು ಕೇಳಿದಾಗ ಆವರಣದ ಕೆಳಗೆ ಅಚ್ಚಾದ ಸಂಖ್ಯೆ 4398046511104. ಎಂದರೆ ನಾಲ್ಕು ಲಕ್ಷದ ಮೂವತ್ತೊಂಬತ್ತು ಸಾವಿರ ಕೋಟಿಗೂ ಮಿಗಿಲು. ಕುಮಾರವ್ಯಾಸನು ಅಷ್ಟು ದೊಡ್ಡ ಭಾರತವನ್ನು ಬರೆದೂ ಈ ಭಂಡಾರದ ಬಾಗಿಲನ್ನು ಮುಟ್ಟಿ ಬಂದನಷ್ಟೆ. ಇಷ್ಟು ಮಾರ್ಗಗಳು ತೆರೆದು ಬಿದ್ದಿದ್ದರೂ ಒಂದರಲ್ಲಿಯಾದರೂ ಕಾಲಿಡಲಾರದೆ, ಮೊಮ್ಮಗಳ ನಾಮಕರಣಕ್ಕೆಂದು ಆರಂಭಿಸಿದ ನನ್ನ ಷಟ್ಪದಿಯೊಂದು ಮೂರನೆಯ ಸಾಲಿನಲ್ಲಿಯೇ ನಿಂತಿದೆ. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ.

ನುಡಿ ನಡೆಗಳ ಈ ಸಂಸಾರದಲ್ಲಿ ವಿರಸವೇ ಇಲ್ಲವೆಂದಲ್ಲ. ಆವರಣದೊಳಗಿನ ಸೂತ್ರವನ್ನು ತಿದ್ದಿದ ಮಾತ್ರಕ್ಕೆ ಕೆಳಗಿನ ಫಲ ತಿದ್ದಿಕೊಳ್ಳುವುದಿಲ್ಲ. ಮತ್ತೊಮ್ಮೆ ಓಡಿಸುವವರೆಗೆ ಹಳೆಯ ಫಲವು ಹೊಸ ಸೂತ್ರದ ಕೆಳಗೆ ಏನೂ ಆಗದಂತೆ ಕುಳಿತಿರುತ್ತದೆ, ನೋಡುವವರಿಗೆ ಇದು ಅದರದೇ ಮಗುವೆಂದು ತೋರುತ್ತದೆ. ಕೋಷ್ಟಕಗಳ ವಿಷಯದಲ್ಲಿ ಸಂಕಟ ಇನ್ನೊಂದು ಬಗೆಯದು. ಇಂಗ್ಲಿಷಿನಲ್ಲಿ ಬರೆದರೆ ಕಂಬಸಾಲುಗಳು ನೂಲು ಹಿಡಿದಂತೆ ನಿಲ್ಲುವ ಈ ಏರ್ಪಾಡು, ಕನ್ನಡದ ಒತ್ತಕ್ಷರಗಳ ಅಗಲವನ್ನು ಅಳೆಯಲಾರದೆ, ಗೆರೆಗಳನ್ನೆಲ್ಲ ಸೊಟ್ಟಗೆ ಬಿಡುತ್ತದೆ. ಆದರೆ ಇದೇ ಈಮ್ಯಾಕ್ಸ್ ತನ್ನೊಳಗೆ ಕನ್ನಡ ಬರೆಯುವ ವಿಧಾನಗಳನ್ನು ಇರಿಸಿಕೊಂಡಿದೆ. ಜಗತ್ತಿನ ಅನೇಕ ಭಾಷೆಗಳ ವಂದನೆಗಳನ್ನು ಸಂಗ್ರಹಿಸಿದ ಅದರ ಹಾಳೆಯೊಂದರಲ್ಲಿ ನಮ್ಮ "ನಮಸ್ಕಾರ"ವೂ ಇದೆ. ಅದನ್ನು ಕಂಡಮೇಲೆ ಸೊಟ್ಟ ಗೆರೆಗಳ ಮೇಲಿನ ಕೋಪವನ್ನು ಮುಂದುವರಿಸುವುದು ಸಭ್ಯತೆಯಾಗಲಾರದು.

ಮೊನ್ನೆ ಮಿತ್ರರಾದ ಗಮಕಿಯೊಬ್ಬರು ಬಂದಾಗ ಆ ಹದಿಮೂರಂಕಿಯ ಸಂಖ್ಯೆಯನ್ನು ಅವರ ಕಣ್ಣೆದುರಿಗೇ ಓಡಿಸಿ ತೋರಿಸಿದೆ. ಅವರು ಕನ್ನಡಕವನ್ನು ಒರೆಸಿಕೊಂಡು ದೀರ್ಘಕಾಲ ನೋಡಿ, "ಇಷ್ಟರಲ್ಲಿ ಹಾಡುವುದಕ್ಕೆ ಯಾವುದು ಚೆನ್ನಾಗಿರುತ್ತದೆಂದು ಇದು ಹೇಳುತ್ತದೆಯೋ?" ಎಂದು ಕೇಳಿದರು. ಪ್ರಶ್ನೆ ಸಮಂಜಸವಾಗಿದ್ದುದರಿಂದ ಅವರ ಎದುರಿನಲ್ಲಿಯೇ ಹೊಸ ನಕ್ಷತ್ರವೊಂದನ್ನಿಟ್ಟು, "ಬಾಕಿ" ಎಂಬ ಮುದ್ರೆಯೊಡನೆ ಅದನ್ನು ದಾಖಲಿಸಿ, ಬರುವ ಯುಗಾದಿಗೆ ಗಡುವು ಹಾಕಿದೆ. ಯಾವ ಯುಗಾದಿಯೆಂದು ಅವರು ವಿಚಾರಿಸಿದರು. ಬೇಕಾದರೆ ಗಡುವನ್ನು ವರ್ಷವರ್ಷವೂ ತಾನಾಗಿಯೇ ಮುಂದೂಡುವ ಸೌಕರ್ಯವೂ ಇದರಲ್ಲಿದೆಯೆಂದು ನಾನು ವಿವರಿಸತೊಡಗಿದಾಗ, ಕಾಫಿ ಆಗಿದೆಯೋ ಎಂದು ಒಳಗೆ ನೋಡಿದರು.