ಕೇಕು ಶಾಸನಗಳು: ಲಿಪಿ, ಪಾಠ ಮತ್ತು ಭಕ್ಷಣ

ಈ ಪ್ರಬಂಧಕ್ಕೆ ಆಧಾರವಾದ ಮೂಲ ಶಾಸನಗಳಲ್ಲಿ ಒಂದೂ ಈಗ ಉಳಿದಿಲ್ಲ. ಹೆಚ್ಚಿನವನ್ನು ಆಯಾ ದಿನವೇ ನೆಂಟರಿಷ್ಟರು ತಿಂದು ಮುಗಿಸಿದರು. ಮೂರನ್ನು ಪ್ರಬಂಧಕಾರನೇ ತಿಂದಿದ್ದಾನೆ. ಇದನ್ನು ಸಾಕ್ಷ್ಯನಾಶವೆಂದು ವಿದ್ವಾಂಸರು ತಿಳಿಯಬಾರದು. ಕಲ್ಲಿನ ಶಾಸನದ ಮೇಲೆ ಒದ್ದೆ ಕಾಗದ ಒತ್ತಿ, ಮಸಿ ಬಳಿದು ಪಡಿಯಚ್ಚು ತೆಗೆಯುವ ಪದ್ಧತಿಯನ್ನು ನಾನೂ ಒಮ್ಮೆ ಬಟರ್ ಪೇಪರ್ ಹಿಡಿದು ಕ್ರೀಮಿನ ಮೇಲೆ ಪ್ರಯೋಗಿಸಿದೆ. ಅತ್ತಿಗೆ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಅತ್ತಿಗೆ ಯಾರೆಂದರೆ, ಈ ಅಧ್ಯಯನಕ್ಕೆ ಒದಗಿದ ಏಕೈಕ ರೂವಾರಿ. ಮೈಸೂರಿನ ಮನೆಯಲ್ಲಿ ಆರ್ಡರ್ ಹಿಡಿದು ಕೇಕು ಮಾಡುತ್ತಾರೆ. ಹೊಯ್ಸಳರ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತಿಕೊಂಡರು. ಅತ್ತಿಗೆಯ ಹೆಸರು ಡಬ್ಬದ ಸ್ಟಿಕ್ಕರಿನಲ್ಲಿ, ಫೋನ್ ನಂಬರಿನ ಸಮೇತ ಇರುತ್ತದೆ.

ಮೊದಲು ಉಗಮದ ಪ್ರಶ್ನೆ. ಕ್ರಿ.ಶ. 450ರ ಆಸುಪಾಸಿನ ಹಲ್ಮಿಡಿ ಶಾಸನ 1936ರಲ್ಲಿ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದವರೂ, ಆಮೇಲೆ ಊರೂರಿನ ಬಸ್‌ಸ್ಟ್ಯಾಂಡಿನ ಎದುರು ಅಯ್ಯಂಗಾರ್ ಬೇಕರಿ ಇಟ್ಟವರಲ್ಲಿ ಬಹಳ ಮಂದಿಯೂ ಅದೇ ಹಾಸನದ ಕಡೆಯವರು. ಇದು ಕಾಕತಾಳೀಯ ಎನ್ನುವವರು ಹನಿ ಕೇಕಿನ ನೆತ್ತಿಯನ್ನು ಗಮನವಿಟ್ಟು ನೋಡಿಲ್ಲ. ಜಾಮು ಬಳಿದು ಕೊಬ್ಬರಿ ತುರಿ ಉದುರಿಸಿದ ಆ ಚೌಕ, ಅಕ್ಷರಕ್ಕೆ ಕಾದು ಕೂತ ಶಿಲಾಫಲಕವಲ್ಲದೆ ಮತ್ತೇನು? ಹಲ್ಮಿಡಿಗಿಂತ ತಾಳಗುಂದದ ಶಾಸನವೇ ಹಳೆಯದೆಂದು ವಾದಿಸುವವರು ತಕರಾರು ತೆಗೆಯಬಹುದು. ತೆಗೆಯಲಿ. ಬೇಕರಿ ಇಲ್ಲದ ತಾಲ್ಲೂಕು ಯಾವುದಿದೆ?

ಮಾಧ್ಯಮದ ವಿಚಾರ ಇಷ್ಟು ಸುಲಭವಲ್ಲ. ಅತ್ತಿಗೆ ಬಳಸುವ ಕ್ರೀಮು ಹಾಲಿನದಲ್ಲ, ಸಸ್ಯದ ಕೊಬ್ಬಿನದು. ಫ್ರೀಜರಿನಿಂದ ಫ್ರಿಜ್ಜಿಗಿಳಿಸಿ, ತಣ್ಣಗಿರುವಾಗಲೇ ಬೀಟರಿನಲ್ಲಿ ಹೊಡೆದರೆ ಉಬ್ಬುತ್ತದೆ. ಏಪ್ರಿಲ್ ಮಧ್ಯಾಹ್ನಕ್ಕೆ ಅದೂ ಸೋಲುತ್ತದೆ. ಹೆಸರಿನ ಕೊಂಬು ದೀರ್ಘಗಳು ಇಳಿದು, ಸಂಜೆ ಹೊತ್ತಿಗೆ ಮಗುವಿಗೆ ಬೇರೆ ನಾಮಕರಣವಾಗಿರುತ್ತದೆ. ಸಕ್ಕರೆ ಪುಡಿ, ಗ್ಲೂಕೋಸು, ಜೆಲಾಟಿನ್, ಗ್ಲಿಸರಿನ್ ಹಾಕಿ ಚಪಾತಿ ಹಿಟ್ಟಿನ ಹಾಗೆ ನಾದಿದ ಫಾಂಡೆಂಟು ಸೆಕೆಗೆ ಬಗ್ಗದು. ಆದರೆ ಫ್ರಿಜ್ಜಿನಿಂದ ಹೊರಗೆ ಬಂದದ್ದೇ ಮೈಯೆಲ್ಲ ಬೆವರಿ ಅಂಟಂಟಾಗುತ್ತದೆ, ಮೊದಲ ಸಲ ಭಾಷಣಕ್ಕೆ ನಿಂತವರ ಹಾಗೆ. ಮೊಟ್ಟೆಯ ಬಿಳಿಭಾಗಕ್ಕೆ ಐಸಿಂಗ್ ಸಕ್ಕರೆ ಸೇರಿಸಿದ ರಾಯಲ್ ಐಸಿಂಗ್ ಒಣಗಿದರೆ ಕಲ್ಲೇ. ಶಾಸನಕ್ಕೆ ಶ್ರೇಷ್ಠ, ಹಲ್ಲಿಗೆ ಕನಿಷ್ಠ.

ಮೂರಂತಸ್ತಿನ ಕೇಕು ವೀರಗಲ್ಲಿನ ನೇರ ವಂಶಜ ಎಂಬುದು ನನ್ನ ಮುಂದಿನ ಪ್ರತಿಪಾದನೆ. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಹೋದ ತಿಂಗಳು ಅತ್ತಿಗೆ ಮಾಡಿದ ಒಂದನೇ ವರ್ಷದ ಹುಟ್ಟುಹಬ್ಬದ ಕೇಕಿನಲ್ಲಿ ಕೆಳಗೆ ಡೈನೋಸಾರುಗಳು, ನಡುವೆ ಮೋಡ ಮತ್ತು ಬಲೂನು, ತುದಿಯಲ್ಲಿ ಕಿರೀಟ ಇಟ್ಟುಕೊಂಡು ಕೂತ ಮಗು. ವೀರಗಲ್ಲಿನ ವೀರ ಸತ್ತಿರುತ್ತಾನೆ, ಕೇಕಿನ ವೀರ ಜನ ಸೇರುವಷ್ಟರಲ್ಲಿ ನಿದ್ದೆ ಹೋಗಿರುತ್ತಾನೆ, ವ್ಯತ್ಯಾಸ ಇಷ್ಟೇ. ಒಳಗೆ ದಪ್ಪ ಸ್ಟ್ರಾಗಳನ್ನು ಕಂಬದ ಹಾಗೆ ನೆಟ್ಟು, ಅಂತಸ್ತಿಗೊಂದು ರಟ್ಟು ಕೊಟ್ಟಿರುತ್ತಾರೆ. ಅದನ್ನು ಮರೆತರೆ ಮೊದಲನೇ ಹಂಪಿನಲ್ಲೇ ಕೈಲಾಸ ಕಾಳಗದೊಳಕ್ಕೆ ಕುಸಿಯುತ್ತದೆ.

ಇನ್ನು ಶಾಪಾಶಯ. ಈ ಧರ್ಮವನ್ನು ಅಳಿದವನು ವಾರಾಣಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಬಿದ್ದಿರುತ್ತಾನೆ ಎಂದು ನಮ್ಮ ಶಾಸನಗಳು ಕೊನೆಯಲ್ಲಿ ಬೆದರಿಸುತ್ತವೆ. ಕೇಕು ಶಾಸನದಲ್ಲಿ ಈ ಭಾಗವೇ ಇಲ್ಲ. ಬದಲಿಗೆ, ಯಾರ ಹೆಸರು ಬರೆದಿದೆಯೋ ಅವರ ಕೈಗೇ ಚಾಕು ಕೊಟ್ಟು, ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾರೆ. ಮೂರು ದಿನ ಬೆನ್ನು ಬಗ್ಗಿಸಿದ ರೂವಾರಿಗೆ ಇದು ಹೇಗೆ ಸಹ್ಯವಾಗುತ್ತದೆ ಎಂದು ಕೇಳಿದೆ. "ಅಡ್ವಾನ್ಸ್ ಬಂದಿರತ್ತಲ್ಲ" ಎಂದರು ಅತ್ತಿಗೆ.

ಕೊನೆಗೆ ಲಿಪಿ. ತಾಳೆಗರಿ ಹರಿಯಬಾರದೆಂದು ನಮ್ಮ ಅಕ್ಷರಗಳು ಗುಂಡಗಾದವು ಎನ್ನುತ್ತಾರೆ. ಆ ಗುಂಡು ಪೈಪಿಂಗ್ ಬ್ಯಾಗಿಗೂ ಹೇಳಿ ಮಾಡಿಸಿದ್ದು. 'ರ' ಬರೆಯಲು ಮಣಿಕಟ್ಟಿನ ಒಂದು ತಿರುವು ಸಾಕು. ಕಷ್ಟವೇನಿದ್ದರೂ ಒತ್ತಿನದು. ಸಂಸ್ಕೃತ ಮೇಷ್ಟ್ರೊಬ್ಬರ ಅರವತ್ತರ ಸಮಾರಂಭಕ್ಕೆ ಮಕ್ಕಳು ಒಂದು ಕೆಜಿ ಕೇಕು ಹೇಳಿ, ಬರೆಯಬೇಕಾದ್ದನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು: 'ಅಪ್ಪನ ಷಷ್ಠ್ಯಬ್ದಿಗೆ ಶುಭಾಶಯ'. ಇರುವ ಜಾಗ ಎಂಟಿಂಚು.

"ಅಪ್ಪ ಅರವತ್ತು ಅಂತ ಬರೆದ್ರೆ ಆಗಲ್ವಾ?" ಎಂದೆ.

"ಏನು ಕಳಿಸಿದಾರೋ ಅದನ್ನೇ ಬರೆಯೋಳು ನಾನು. ಒಂದ್ಸಲ ತಿದ್ದಕ್ಕೆ ಹೋಗಿ ಬೈಸ್ಕೊಂಡಿದೀನಿ. ನೀನು ಸ್ವಲ್ಪ ಆ ಫ್ಯಾನ್ ಆರಿಸು."

ಲಿಪಿಕಾರರ ಈ ನಿಷ್ಠೆಯೇ ಪಾಠಾಂತರಗಳ ತಾಯಿ. ಅತ್ತಿಗೆ ಕರಗಿಸಿದ ಚಾಕೊಲೇಟು ತುಂಬಿದ ಬ್ಯಾಗನ್ನು ಎಡಗೈ ಬೆರಳಿನ ಮೇಲೆ ಊರಿ, ಉಸಿರು ಹಿಡಿದು, ಷದ ಕೆಳಗೆ ಠ ಇಟ್ಟರು. ಅದರ ಮಗ್ಗುಲಿಗೆ ಯ ಒತ್ತಿನ ಬಾಲ ಎಳೆದರು. ಬಾಲ ಕೆಳಸಾಲಿನ 'ಶು'ವಿನ ನೆತ್ತಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಬ್ಯಾಗು ಎತ್ತಿದರು.

ಕೇಕನ್ನು ಕಾರಿನಲ್ಲಿ ಕಾಲಡಿಯ ಸಮತಟ್ಟು ಜಾಗದಲ್ಲಿಟ್ಟುಕೊಂಡು ಒಯ್ದವನು ನಾನೇ. ಮೇಷ್ಟ್ರು ಕನ್ನಡಕ ಏರಿಸಿ, ಬಗ್ಗಿ, ಎರಡು ಸಲ ಓದಿದರು. 6 ಮತ್ತು 0 ಮೇಣದಬತ್ತಿಗಳಲ್ಲಿ ಅಲ್ಲಿಯವರೆಗೆ 6 ಮಾತ್ರ ಚುಚ್ಚಿದ್ದರು, 0 ಹುಡುಕುತ್ತಿದ್ದರು.

"ಷಷ್ಟಿ ಅಂದರೆ ಅರವತ್ತು. ಷಷ್ಠಿ ಅಂದರೆ ಆರನೇದು. ನಂಗೆ ಆರು ತುಂಬ್ತೇನಮ್ಮಾ?"

ಮಗಳು ತಮ್ಮನ ಮುಖ ನೋಡಿದಳು. ಮೇಷ್ಟ್ರು ಪ್ಲಾಸ್ಟಿಕ್ ಚಾಕುವಿನ ತುದಿಯಿಂದ ಠ ಒತ್ತನ್ನು ಮಾತ್ರ ನಾಜೂಕಾಗಿ ಎಬ್ಬಿಸಿ ಬಾಯಿಗೆ ಹಾಕಿಕೊಂಡರು. ಆಮೇಲೆ ಅದೇ ತುದಿಯಿಂದ, ಖಾಲಿಯಾದ ಕ್ರೀಮಿನಲ್ಲಿ ಒಂದು ಟ ಕೊರೆದರು. ಇಡೀ ಅಧ್ಯಯನದಲ್ಲಿ ನಿಜವಾಗಿ ಕೊರೆದ ಅಕ್ಷರ ನನಗೆ ಸಿಕ್ಕಿದ್ದು ಅದೊಂದೇ. ಫೋಟೊ ತೆಗೆಯೋಣವೆಂದು ಜೇಬಿಗೆ ಕೈ ಹಾಕುವಷ್ಟರಲ್ಲಿ, ತಾತ ಬರೆದ ತುಂಡೇ ಬೇಕೆಂದು ಮೊಮ್ಮಗ ಹಟ ಹಿಡಿದ.