ನಾನೇನೂ ಕಲಿತಿಲ್ಲ, ಸ್ವಾಮಿ

ಆಂಟಿಬಯೋಟಿಕ್‌ಗೆ ಬಗ್ಗದ ಸೋಂಕಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಆರೋಪಿಗಳು ಇಬ್ಬರೇ. ಒಬ್ಬರು, ಔಷಧಿಯ ಗುಟ್ಟು ತಿಳಿದುಕೊಂಡು ತಿರುಮಂತ್ರ ಹಾಕುವ ಕಿಲಾಡಿ ಬ್ಯಾಕ್ಟೀರಿಯಾ. ಇನ್ನೊಬ್ಬರು, ಜ್ವರ ಬಿಟ್ಟ ತಕ್ಷಣ ಮಾತ್ರೆ ನಿಲ್ಲಿಸಿದ ಬೇಜವಾಬ್ದಾರಿ ರೋಗಿ. ರೋಗಿಯ ಹೇಳಿಕೆಯನ್ನು ಯಾರೂ ಕೇಳಿಲ್ಲ, ಬ್ಯಾಕ್ಟೀರಿಯಾದ್ದನ್ನಂತೂ ಕೇಳಿಯೇ ಇಲ್ಲ. ಆದ್ದರಿಂದ ಸ್ಟ್ಯಾಫಿಲೊಕಾಕಸ್ ಆರಿಯಸ್ ಅವರನ್ನು ಮಾತಿಗೆಳೆಯಬೇಕಾಯಿತು. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಯಾವ ತಂಟೆಯೂ ಇಲ್ಲದೆ ಇರುವ ಇವರು, ಗಾಯದಿಂದಲೋ ಡ್ರಿಪ್ ಹಾಕಿದ ಸೂಜಿಯ ದಾರಿಯಿಂದಲೋ ರಕ್ತಕ್ಕೆ ಇಳಿದರೆ ಹೃದಯದ ಕವಾಟದವರೆಗೆ ಹೋಗಬಲ್ಲರು. ಸಂದರ್ಶನ ಕಾಲ್ಪನಿಕ. ಅವರು ಮುಂದಿಟ್ಟ ಪುರಾವೆಗಳು ಮಾತ್ರ ಕಾಲ್ಪನಿಕವಲ್ಲ.

ಪ್ರಶ್ನೆ: ಪತ್ರಿಕೆಗಳು ನಿಮ್ಮನ್ನು 'ಸೂಪರ್‌ಬಗ್' ಎನ್ನುತ್ತವೆ. ಇಷ್ಟು ಬುದ್ಧಿ ಎಲ್ಲಿ ಕಲಿತಿರಿ?

ಉತ್ತರ: ಬಿರುದು ಕೊಟ್ಟವರಿಗೆ ನಮಸ್ಕಾರ, ಆದರೆ ನಾನೇನೂ ಕಲಿತಿಲ್ಲ, ಸ್ವಾಮಿ. ನನಗೆ ಮಿದುಳಿಲ್ಲ, ಗುರುವಿಲ್ಲ. ಗೊತ್ತಿರುವುದು ಒಂದೇ ಕೆಲಸ: ಒಂದು ಇದ್ದದ್ದು ಎರಡಾಗುವುದು. ಪ್ರತಿ ಸಲ ಎರಡಾಗುವಾಗಲೂ ಸುಮಾರು 28 ಲಕ್ಷ ಅಕ್ಷರಗಳ ಡಿಎನ್‌ಎ ನಕಲಾಗಬೇಕು. ನಿಮ್ಮ ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪಾದಷ್ಟು ಸುಲಭವಾಗಿ ಇಲ್ಲಿ ತಪ್ಪಾಗುವುದಿಲ್ಲ. ಒಂದು ಸಲದ ನಕಲಿನಲ್ಲಿ ಯಾವುದೋ ಒಂದು ನಿರ್ದಿಷ್ಟ ಅಕ್ಷರ ಕೆಡುವ ಸಂಭವ ನೂರು ಕೋಟಿಗೆ ಒಂದೋ, ಅದಕ್ಕೂ ಕಡಿಮೆಯೋ. ಆದರೆ ಸೋಂಕು ತಗುಲಿದ ಕವಾಟದ ಮೇಲೆ ಕಟ್ಟುವ ಗಂಟಿನ ಒಂದೇ ಗ್ರಾಂನಲ್ಲಿ ನಾವು ನೂರು ಕೋಟಿ ಇರಬಲ್ಲೆವು. ಅಷ್ಟು ದೊಡ್ಡ ಸಂತೆಯಲ್ಲಿ ನಿಮ್ಮ ಔಷಧಿಯನ್ನು ಸ್ವಲ್ಪ ತಡೆಯುವಂಥ ತಪ್ಪು ಹೊತ್ತವರು ಯಾರೋ ಇದ್ದೇ ಇರುತ್ತಾರೆ, ಅದೂ ಔಷಧಿ ಬರುವ ಮೊದಲೇ. 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟದ್ದು ಇದನ್ನೇ: ವೈರಸ್ ದಾಳಿಗೆ ಜಗ್ಗದ ಬ್ಯಾಕ್ಟೀರಿಯಾಗಳು ದಾಳಿ ಕಂಡು ಹುಟ್ಟಿದವಲ್ಲ, ಅದಕ್ಕಿಂತ ಮೊದಲೇ ಹುಟ್ಟಿಕೊಂಡಿದ್ದವು. ನೀವು ಔಷಧಿ ಸುರಿಯುತ್ತೀರಿ, ಉಳಿದವರೆಲ್ಲ ಸಾಯುತ್ತಾರೆ, ಜಾಗವೆಲ್ಲ ಆ ಒಬ್ಬರಿಗೆ. ಆಯ್ಕೆ ಸಮಿತಿಯ ಅಧ್ಯಕ್ಷರು ನೀವೇ ಆಗಿದ್ದು, ಆಯ್ಕೆಯಾದವನನ್ನು ಕಿಲಾಡಿ ಎಂದು ಬೈದರೆ ಹೇಗೆ?

ಇದು ತಪ್ಪಿಸಿಕೊಳ್ಳುವವರ ಮಾತಿನಂತೆ ಕೇಳಿಸುತ್ತದೆ, ನಿಜ. ಆದರೆ ದಾಖಲೆ ಇವರ ಪಕ್ಷದಲ್ಲಿದೆ. 2000ನೇ ಇಸವಿಯಲ್ಲಿ ಅಮೆರಿಕದ ಒಬ್ಬ ಹೃದ್ರೋಗಿಯ ರಕ್ತಕ್ಕೆ ಸ್ಟ್ಯಾಫಿಲೊಕಾಕಸ್ ಸೋಂಕು ತಗುಲಿತು. ವ್ಯಾಂಕೊಮೈಸಿನ್ ಮತ್ತು ಬೇರೆ ಔಷಧಿಗಳ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಿತು, ರೋಗಿ ಬದುಕಲಿಲ್ಲ. ಆ ಅವಧಿಯಲ್ಲಿ ಸಲಸಲಕ್ಕೂ ತೆಗೆದಿಟ್ಟ ಬ್ಯಾಕ್ಟೀರಿಯಾಗಳ ಪೂರ್ತಿ ಡಿಎನ್‌ಎಯನ್ನು ಓದಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೊದಲ ಮಾದರಿ ವ್ಯಾಂಕೊಮೈಸಿನ್‌ಗೆ ಸಲೀಸಾಗಿ ಸಾಯುತ್ತಿತ್ತು. ಕೊನೆಯದನ್ನು ತಡೆಯಲು ಎಂಟು ಪಟ್ಟು ಔಷಧಿ ಬೇಕಾಗಿತ್ತು. ಎರಡರ ನಡುವೆ ಇದ್ದ ವ್ಯತ್ಯಾಸ 35 ಅಕ್ಷರಗಳದ್ದು ಮಾತ್ರ. ಹೊರಗಿನಿಂದ ಹೊಸ ತಳಿ ಬಂದು ಸೇರಿಕೊಂಡಿದ್ದರೆ ವ್ಯತ್ಯಾಸ ಇಷ್ಟು ಸಣ್ಣದಿರುತ್ತಿರಲಿಲ್ಲ, ಹೀಗೆ ಒಂದರ ಮೇಲೊಂದು ಸಾಲಾಗಿ ಕೂಡಿಕೊಳ್ಳುತ್ತಲೂ ಇರಲಿಲ್ಲ. ಒಂದೇ ದೇಹದೊಳಗೆ, ಒಂದೇ ವಂಶ, ಚಿಕಿತ್ಸೆ ಸಾಗಿದಂತೆ ಹೆಜ್ಜೆ ಹೆಜ್ಜೆಯಾಗಿ ಬದಲಾಗಿತ್ತು.

ಪ್ರಶ್ನೆ: ಆ ರೋಗಿಗೆ ಡ್ಯಾಪ್ಟೊಮೈಸಿನ್ ಎಂಬ ಔಷಧಿಯನ್ನು ಕೊಟ್ಟೇ ಇರಲಿಲ್ಲ. ಅದಕ್ಕೂ ನಿಮ್ಮವರು ಬಗ್ಗದಾದರು. ಇದು ಮುಂದಾಲೋಚನೆ ಅಲ್ಲವೇ?

ಉತ್ತರ: ಆಲೋಚನೆಯೇ ಇಲ್ಲದವರಿಗೆ ಮುಂದಾಲೋಚನೆ ಎಲ್ಲಿಂದ ಬರಬೇಕು? ವ್ಯಾಂಕೊಮೈಸಿನ್ ನಮ್ಮ ಗೋಡೆ ಕಟ್ಟುವ ಕೆಲಸ ಕೆಡಿಸುತ್ತದೆ. ಗೋಡೆ ದಪ್ಪವಾಗಿರುವವರಲ್ಲಿ ಅದು ಹೊರಪದರದಲ್ಲೇ ಸಿಕ್ಕಿಕೊಂಡು ಒಳಗೆ ಮುಟ್ಟುವುದು ತಡವಾಗುತ್ತದೆ. ವಾರಗಟ್ಟಲೆ ನೀವು ದಪ್ಪ ಗೋಡೆಯವರನ್ನೇ ಉಳಿಸುತ್ತ ಬಂದಿರಿ. ಅದೇ ಗೋಡೆ ಇನ್ನೊಂದು ಔಷಧಿಗೂ ಅಡ್ಡ ನಿಂತರೆ ಅದು ನನ್ನ ಯೋಜನೆಯಲ್ಲ, ನಿಮಗೆ ಲೆಕ್ಕಕ್ಕೆ ಸಿಗದೆ ಹೋದ ಖರ್ಚು.

ಪ್ರಶ್ನೆ: ಆದರೆ ಅದು ಒಂದು ಪ್ರಕರಣ. ಸೋಂಕು ಹಾಸಿಗೆಯಿಂದ ಹಾಸಿಗೆಗೆ ಹರಡುವುದೇ ದೊಡ್ಡ ಸಮಸ್ಯೆ ಎಂದು ಹೇಳುವವರಿದ್ದಾರೆ. ನವದೆಹಲಿಯ ಹೆಸರು ಹೊತ್ತ, ಔಷಧಿಯನ್ನೇ ಮುರಿಯುವ ಎನ್‌ಡಿಎಂ-1 ಕಿಣ್ವ ದೇಶ ದಾಟಿ ಹೋಗಲಿಲ್ಲವೇ?

ಉತ್ತರ: ಅದು ನನ್ನ ಮನೆಯ ಸಂಗತಿಯಲ್ಲ. ನವದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದ ಸ್ವೀಡನ್ನಿನ ರೋಗಿಯೊಬ್ಬರಲ್ಲಿ 2008ರಲ್ಲಿ ಸಿಕ್ಕಿದ ಕ್ಲೆಬ್ಸಿಯೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾದ್ದು. ಎನ್‌ಡಿಎಂ-1ರ ಜೀನ್ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲೆ ಕುಳಿತು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ನಿಮ್ಮ ದೇಶದಲ್ಲಿ ಆ ಜೀನ್‌ಗಿಂತ ಅದಕ್ಕಿಟ್ಟ ದೆಹಲಿಯ ಹೆಸರಿನ ಮೇಲೆಯೇ ಹೆಚ್ಚು ಸಿಟ್ಟು ಬಂತು ಎಂದು ಕೇಳಿದ್ದೇನೆ. ಇರಲಿ. ಕೈ ತೊಳೆಯಬೇಡಿ ಎಂದು ನಾನು ಹೇಳುತ್ತಿಲ್ಲ, ಆ ಸಲಹೆ ಕೊಟ್ಟರೆ ಲಾಭ ನನಗೇ ಎಂದು ನಿಮಗೂ ಗೊತ್ತು. ಆದರೆ ಹರಡಲು ಬಂದವರಿಗೂ ಒಳಗೆ ಜಾಗ ಬೇಕು. ಆ ಜಾಗವನ್ನು ಖಾಲಿ ಮಾಡಿಕೊಡುವುದು ರೋಗಿಯ ಮೈಗೆ ಹೋಗುವ ಔಷಧಿಯೇ. ಎದೆಯ ಸೋಂಕಿಗೆಂದು ಕೊಟ್ಟದ್ದು ಕರುಳಿನಲ್ಲಿ ತಮ್ಮ ಪಾಡಿಗೆ ತಾವಿದ್ದ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಹೊರಗಿನಿಂದ ಬಂದ ಕ್ಲೆಬ್ಸಿಯೆಲ್ಲಾಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಬೇಕೇ?

ಈ ಉತ್ತರವನ್ನು ಪೂರ್ತಿ ಒಪ್ಪುವಂತಿಲ್ಲ. ಭಾರತದ ಐಸಿಯುಗಳಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳ ಹಾವಳಿಯಲ್ಲಿ ಹರಡುವಿಕೆಯ ಪಾಲು ದೊಡ್ಡದು. ಒಳಗೆ ಹುಟ್ಟಿದ್ದೋ ಹೊರಗಿನಿಂದ ಬಂದದ್ದೋ ಎಂದು ಪ್ರತಿ ಪ್ರಕರಣದಲ್ಲೂ ಬೇರ್ಪಡಿಸಿ ಹೇಳಲು ಒಂದೇ ರೋಗಿಯಿಂದ ಮತ್ತೆ ಮತ್ತೆ ಮಾದರಿ ತೆಗೆದು ಡಿಎನ್‌ಎ ಓದಬೇಕು, ಅದು ಎಲ್ಲ ಕಡೆ ಆಗುವ ಕೆಲಸವಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ. ಹರಡುವುದನ್ನು ತಡೆಯುವ ಕ್ರಮಗಳಿಗೆ ಗೋಡೆಯ ಮೇಲೆ ಪೋಸ್ಟರ್ ಇದೆ, ಸಮಿತಿ ಇದೆ. ರೋಗಿಯ ಒಳಗೆ ನಡೆಯುವ ಆಯ್ಕೆಯನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ.

ಪ್ರಶ್ನೆ: ಹಾಗಾದರೆ ಕೋರ್ಸ್ ಮುಗಿಸದ ರೋಗಿ ನಿರಪರಾಧಿಯೇ?

ಉತ್ತರ: ಐಸಿಯುನಲ್ಲಿ ಮಲಗಿದವರು ಯಾವ ಕೋರ್ಸನ್ನು ಅರ್ಧಕ್ಕೆ ಬಿಡಬಲ್ಲರು, ಸ್ವಾಮಿ? ಬಾಯಲ್ಲಿ ಟ್ಯೂಬು, ಕೈಯಲ್ಲಿ ಡ್ರಿಪ್, ಆರು ಗಂಟೆಗೊಮ್ಮೆ ಡೋಸ್, ಚಾರ್ಟಿನಲ್ಲಿ ನರ್ಸಮ್ಮನ ಸಹಿ. ನನ್ನ ವಂಶದವರು ಬದಲಾದದ್ದು ಇಂಥ ಶಿಸ್ತಿನ ನಡುವೆಯೇ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರು 1945ರ ನೊಬೆಲ್ ಉಪನ್ಯಾಸದಲ್ಲಿ ಕಡಿಮೆ ಡೋಸಿನ ಅಪಾಯ ಹೇಳಿದ್ದರು, ಅದು ಸರಿಯೇ. ನೀವು ಅದನ್ನು ಹಿಗ್ಗಿಸಿ 'ಹೆಚ್ಚು ದಿನ ತಿಂದಷ್ಟೂ ಕ್ಷೇಮ' ಎಂದು ಮಾಡಿಕೊಂಡಿರಿ. ಔಷಧಿ ಮೈಯಲ್ಲಿ ಇರುವ ಒಂದೊಂದು ದಿನವೂ ಆಯ್ಕೆ ಸಮಿತಿಯ ಒಂದೊಂದು ಸಭೆ. ನಿಮ್ಮಲ್ಲೇ ಕೆಲವರು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಕೋರ್ಸ್ ಮುಗಿಸದಿದ್ದರೆ ಪ್ರತಿರೋಧ ಬೆಳೆಯುತ್ತದೆ ಎಂಬ ಮಾತಿಗೆ ಆಧಾರವೇ ಸಾಲದು ಎಂದು ಬರೆದರಲ್ಲ.

ಪ್ರಶ್ನೆ: ಕ್ಷಯಕ್ಕೂ ಇದೇ ಮಾತೇ? ಅಲ್ಲಿ ನಡುವೆ ಬಿಟ್ಟವರ ಗತಿ ಎಲ್ಲರೂ ಕಂಡದ್ದೇ.

ಉತ್ತರ: ಕ್ಷಯದವರು ಬೇರೆ. ನಿಧಾನಿಗಳು, ಹಟಮಾರಿಗಳು, ತಿಂಗಳುಗಟ್ಟಲೆ ಬೆನ್ನು ಹತ್ತಬೇಕು. ಅವರ ಔಷಧಿಯನ್ನು ಯಾರೂ ನಡುವೆ ಬಿಡಬಾರದು. ಆದರೆ ಅವರ ಕಥೆ ಕೂಡ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗವನ್ನು ನೋಡಿ. ಮೊದಲ ತಿಂಗಳುಗಳಲ್ಲಿ ರೋಗಿಗಳು ಚೇತರಿಸಿಕೊಂಡರು, ಆಮೇಲೆ ಹಲವರ ಸ್ಥಿತಿ ಮತ್ತೆ ಕೆಟ್ಟಿತು. ಪರೀಕ್ಷಿಸಿದ 41 ಮಂದಿಯಲ್ಲಿ 35 ಮಂದಿಯ ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದಂತಾಗಿತ್ತು. ಅವರು ಮಾತ್ರೆ ನುಂಗಲು ಮರೆತವರಲ್ಲ, ಆಸ್ಪತ್ರೆಯಲ್ಲಿ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದವರು. ಒಂದೇ ಔಷಧಿ ಕೊಟ್ಟದ್ದೇ ತೊಡಕಾಯಿತು. ಎರಡು ಮೂರನ್ನು ಕೂಡಿಸಿ ಕೊಟ್ಟ ಮೇಲೆ, ಎಲ್ಲವನ್ನೂ ಒಟ್ಟಿಗೆ ತಡೆಯುವ ತಪ್ಪು ಒಬ್ಬರಲ್ಲೇ ಸಿಗುವುದು ಕಷ್ಟವಾಯಿತು.

ಪ್ರಶ್ನೆ: ನಿಮ್ಮ ವಾದ ಕೇಳಿ ವೈದ್ಯರು ಔಷಧಿ ಕೊಡಲು ಹೆದರಿದರೆ? ರಕ್ತಕ್ಕೆ ಸೋಂಕೇರಿದ ರೋಗಿಗೆ ಒಂದು ಗಂಟೆ ತಡವಾದರೂ ಅಪಾಯ.

ಉತ್ತರ: ಹೆದರಿದರೆ ನನಗೆ ಹಬ್ಬ, ಹೆದರಬೇಡಿ ಎಂದು ನಾನೇಕೆ ಹೇಳಲಿ?

ಈ ಪ್ರಶ್ನೆಗೆ ಉತ್ತರ ಅವರಿಂದ ಬರುವಂಥದ್ದಲ್ಲ, ನಾವೇ ಹುಡುಕಿಕೊಳ್ಳಬೇಕು. ಇಂಥ ಸ್ಥಿತಿಯಲ್ಲಿ, ಅಂದರೆ ಸೆಪ್ಸಿಸ್‌ನಲ್ಲಿ, ತಕ್ಷಣ ಬಲವಾದ ಔಷಧಿ ಕೊಡಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ಚರ್ಚೆ ಇರುವುದು ಮೂರನೆಯ ದಿನದ ಬಗ್ಗೆ. ಲ್ಯಾಬ್ ರಿಪೋರ್ಟ್ ಬಂದ ಮೇಲೂ ಮೊದಲ ದಿನದ ಔಷಧಿಯೇ ಮುಂದುವರಿಯುತ್ತಿದೆಯೇ? ಬ್ಯಾಕ್ಟೀರಿಯಾ ಮನೆ ಮಾಡಿಕೊಂಡ ಕ್ಯಾಥೆಟರ್ ಕೊಳವೆ ಇನ್ನೂ ಮೈಯಲ್ಲೇ ಇದೆಯೇ, ಕೀವು ಬಸಿದಿದ್ದಾರೆಯೇ? ಕೋಟಿಗಟ್ಟಲೆ ಜನಸಂಖ್ಯೆಯನ್ನು ಹಾಗೇ ಬಿಟ್ಟು ಔಷಧಿ ಬದಲಿಸುತ್ತ ಹೋಗುವುದೆಂದರೆ, ಹೊಸ ಹೊಸ ತಪ್ಪುಗಳಿಗೆ ಸರದಿಯ ಮೇಲೆ ಅವಕಾಶ ಕೊಡುವುದು. ಇನ್ನು ಕಾನೂನು. 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಶೆಡ್ಯೂಲ್ ಎಚ್1 ನಿಯಮ, ಕೆಲವು ಆಂಟಿಬಯೋಟಿಕ್ ಮಾರಿದಾಗ ರಿಜಿಸ್ಟರ್ ಬರೆಯಲು ಮೆಡಿಕಲ್ ಶಾಪಿನವರಿಗೆ ಹೇಳುತ್ತದೆ. ಅದು ಬೇಕಾದ್ದೇ. ಆದರೆ ವಾರ್ಡಿನೊಳಗೆ ಹತ್ತನೆಯ ದಿನವೂ ಮೆರೊಪೆನೆಮ್ ಎಂಬ ಬಲವಾದ ಔಷಧಿ ಏಕೆ ಎಂದು ಆ ರಿಜಿಸ್ಟರ್ ಕೇಳುವುದಿಲ್ಲ.

ಪ್ರಶ್ನೆ: ಔಷಧಿ ನಿಲ್ಲಿಸಿದರೆ ನಿಮ್ಮ ಪ್ರತಿರೋಧವೂ ಇಳಿಯುತ್ತದೆಯೇ?

ಉತ್ತರ: ಕೆಲವು ಸಲ. ಐಸಿಯುನಲ್ಲಿದ್ದ ಒಬ್ಬ ರೋಗಿಯ ಶ್ವಾಸಕೋಶದಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಏನಾಯಿತೆಂದು 2021ರಲ್ಲಿ ಬರೆದಿದ್ದಾರೆ. ಮೆರೊಪೆನೆಮ್ ಒಳಗೆ ಹೋಗುವ ಬಾಗಿಲು ಕೆಟ್ಟವರು ಉಳಿದುಕೊಂಡರು, ಕೆಲವೇ ದಿನಗಳಲ್ಲಿ ಅವರದೇ ರಾಜ್ಯವಾಯಿತು. ಆದರೆ ಅದೇ ಬಾಗಿಲಿನಿಂದ ಆಹಾರವೂ ಬರಬೇಕಲ್ಲ! ಔಷಧಿ ನಿಂತ ಮೇಲೆ ಅವರು ಸೊರಗಿದರು, ರೋಗಿಯ ರೋಗನಿರೋಧಕ ಶಕ್ತಿಯೂ ಮೇಲೆ ಬಿತ್ತು. ನೀವು ಕೊಂಡಾಡಬೇಕಾದ ಔಷಧಿ ಇದೊಂದೇ, ಅಂಗಡಿಯಲ್ಲಿ ಸಿಗುವುದಿಲ್ಲ. ಎಲ್ಲ ಸಲವೂ ಹೀಗಾಗುತ್ತದೆ ಎಂದು ಮಾತ್ರ ನಂಬಬೇಡಿ. ಮೊದಲ ತಪ್ಪಿನಿಂದಾದ ನಷ್ಟವನ್ನು ಎರಡನೆಯ ತಪ್ಪು ತುಂಬಿಕೊಡುವುದೂ ಉಂಟು. ಆಗ ಔಷಧಿ ಇದ್ದರೂ ಇಲ್ಲದಿದ್ದರೂ ನಮಗೆ ಒಂದೇ.

ಪ್ರಶ್ನೆ: ಕಲ್ಚರ್ ರಿಪೋರ್ಟ್ ನೋಡಿದರೆ ನೀವು ಯಾವ ಹಂತದಲ್ಲಿದ್ದೀರಿ ಎಂದು ತಿಳಿಯುವುದಿಲ್ಲವೇ?

ಉತ್ತರ: ನಿಮ್ಮ ಲ್ಯಾಬಿನವರು ತಟ್ಟೆಯ ಮೇಲೆ ಬೆಳೆದ ನಮ್ಮ ಗುಂಪುಗಳಲ್ಲಿ ಒಂದನ್ನೋ ಎರಡನ್ನೋ ಹೆಕ್ಕಿ ಪರೀಕ್ಷೆ ಮಾಡುತ್ತಾರೆ. ಉಳಿದವರ ಅಭಿಪ್ರಾಯ ಕೇಳುವುದಿಲ್ಲ. ರಿಪೋರ್ಟ್ ಕೈಗೆ ಬರಲು ಎರಡು ಮೂರು ದಿನ. ಅಷ್ಟರಲ್ಲಿ ನಾವು ಹತ್ತಾರು ತಲೆಮಾರು ದಾಟಿರುತ್ತೇವೆ. ಆ ರಿಪೋರ್ಟನ್ನು ಕ್ಲಿಪ್ಪಿಗೆ ಸಿಕ್ಕಿಸಿ ಎರಡು ವಾರ ಅದರ ಪ್ರಕಾರವೇ ಔಷಧಿ ಹಾಕುತ್ತೀರಿ. ಇನ್ನೊಂದು ಸಲ ಮಾದರಿ ತೆಗೆಯಿರಿ ಎಂದು ಯಾರಾದರೂ ಹೇಳಿದರೆ, ಖರ್ಚು ಎನ್ನುತ್ತೀರಿ.